ತಾಳೆ ನೋಡುವವರು

ಕಳೆದ ಬೇಸಿಗೆ ರಜೆಯಲ್ಲಿ ನನ್ನ ತಂಗಿಯ ಮಗ ನಮ್ಮ ಮನೆಗೆ ಬಂದಿದ್ದ. ಇಂಜಿನಿಯರಿಂಗ್ ಎರಡನೆಯ ವರ್ಷ. ಬಂದ ಮೊದಲೆರಡು ದಿನ ಲ್ಯಾಪ್‌ಟಾಪಿನ ಮುಂದಿನಿಂದ ಏಳಲೇ ಇಲ್ಲ. ಊಟಕ್ಕೆ ಕರೆದರೆ "ಬಂದೆ ದೊಡ್ಡಮ್ಮ" ಅನ್ನುತ್ತಿದ್ದ, ಬರುತ್ತಿರಲಿಲ್ಲ. ಮೂರನೆಯ ದಿನ ಹಜಾರದಲ್ಲಿ ಹಲಸಿನ ಹಣ್ಣು ಬಿಡಿಸುತ್ತ ಕೂತಿದ್ದ ನಾನು, "ಅಷ್ಟು ಹೊತ್ತಿನಿಂದ ಏನೋ ಮಾಡ್ತಿದ್ದೀಯ?" ಎಂದು ಕೇಳಿದೆ. "ಮಾಡ್ ಮಾಡ್ತಿದ್ದೀನಿ" ಅಂದ. ಕನ್ನಡ ಪಾಠ ಮಾಡುವವಳಿಗೆ ಇದು ದ್ವಿರುಕ್ತಿಯೋ ಉದ್ಧಟತನವೋ ತಿಳಿಯಲಿಲ್ಲ. ಆಮೇಲೆ ಗೊತ್ತಾಯಿತು, ಮಾಡ್ ಎಂಬುದೊಂದು ವಸ್ತು. ಯಾರೋ ಮಾಡಿಟ್ಟ ಆಟಕ್ಕೆ ಆಡುವವರು ತಾವೇ ಬರೆದು ಸೇರಿಸುವ ಬಾಲಂಗೋಚಿಗೆ ಹಾಗೆನ್ನುತ್ತಾರೆ.

ಆಟದ ಹೆಸರು ಮೈನ್‌ಕ್ರಾಫ್ಟ್. ಸ್ವೀಡನ್ನಿನ ಮಾರ್ಕಸ್ ಪರ್ಸನ್ ಎಂಬಾತ 2009ರಲ್ಲಿ ಜನರ ಮುಂದಿಟ್ಟದ್ದು. 2014ರಲ್ಲಿ ಮೈಕ್ರೋಸಾಫ್ಟ್ 250 ಕೋಟಿ ಡಾಲರ್ ಕೊಟ್ಟು ಕೊಂಡುಕೊಂಡಿತಂತೆ. ನೋಡಿದರೆ ಅದರಲ್ಲಿ ಅಂಥ ಅಂದವೇನೂ ಇಲ್ಲ. ಎಲ್ಲವೂ ಚೌಕ ಚೌಕ; ಸೂರ್ಯನೂ ಚೌಕ, ಹಸುವೂ ಚೌಕ. ಮಣ್ಣು ಅಗೆಯಬಹುದು, ಮನೆ ಕಟ್ಟಬಹುದು, ಗೋಧಿ ಕುಂಬಳ ಬೆಳೆಯಬಹುದು. ನಮ್ಮ ಹುಡುಗ ಮತ್ತು ಅವನ ನಾಲ್ವರು ಗೆಳೆಯರು ಬೇರೆ ಬೇರೆ ಊರಿನಲ್ಲಿ ಕೂತು ಒಂದೇ ಹಳ್ಳಿಯಲ್ಲಿ ಬೇಸಾಯ ಮಾಡುತ್ತಿದ್ದರು. ನಿಜವಾದ ಹೊಲಕ್ಕೆ ಒಂದು ದಿನವೂ ಇಳಿಯದವರು! ಆ ಹಳ್ಳಿಗೆ ಇವನು ಒಂದು ಸಂತೆ ಕಟ್ಟಿಕೊಡುತ್ತಿದ್ದ. ಬೆಳೆದದ್ದನ್ನು ಮಾರಿ ನಾಣ್ಯ ಪಡೆಯುವುದು, ನಾಣ್ಯ ಕೊಟ್ಟು ಬೇಕಾದದ್ದನ್ನು ಕೊಳ್ಳುವುದು. ಅದೇ ಅವನ ಮಾಡ್.

ಆಟ ಹೇಗೆ ನಡೆಯುತ್ತದೆಂದು ಅವನು ಹಲಸಿನ ತೊಳೆ ತಿನ್ನುತ್ತ ವಿವರಿಸಿದ. ಐದು ಜನರ ಮುಂದೆ ಐದು ಯಂತ್ರಗಳು. ಅವು ಕ್ಲೈಂಟುಗಳು. ಬೇರೆಲ್ಲೋ ಇನ್ನೊಂದು ಯಂತ್ರ, ಅದು ಸರ್ವರ್. ಹಳ್ಳಿ ನಿಜವಾಗಿ ಇರುವುದು ಸರ್ವರಿನೊಳಗೆ. ಅದು ಸೆಕೆಂಡಿಗೆ ಇಪ್ಪತ್ತು ಸಲ ತನ್ನ ಲೋಕವನ್ನು ಒಂದೊಂದು ಹೆಜ್ಜೆ ಮುಂದಕ್ಕೆ ಸರಿಸುತ್ತದೆ. ಆಡುವವರು ನೋಡುತ್ತಿರುವುದು ಆ ಲೋಕವನ್ನಲ್ಲ, ಅದರ ಬಗ್ಗೆ ತಮಗೆ ಬಂದ ಸುದ್ದಿಯನ್ನು. ದಾರಿಯಲ್ಲಿ ಸುದ್ದಿ ತಡವಾದರೆ, ನೀವು ಒಡೆದ ಕಲ್ಲು ಒಡೆದಂತೆ ಕಂಡು, ಸರ್ವರ್ "ಇಲ್ಲ" ಎಂದೊಡನೆ ಮತ್ತೆ ಸ್ವಸ್ಥಾನದಲ್ಲಿ ಬಂದು ಕೂರುತ್ತದಂತೆ. ಅದ್ವೈತಿಗಳು ಕೇಳಿದರೆ ಸಂತೋಷಪಟ್ಟಾರು.

ಸರ್ವರ್ ಎಂಬ ಪದ ನಮ್ಮ ಊರಿಗೆ ಬಂದದ್ದು ನ್ಯಾಯಬೆಲೆ ಅಂಗಡಿಯ ಮೂಲಕ. "ಸರ್ವರ್ ಇಲ್ಲ, ನಾಳೆ ಬನ್ನಿ." ಅಂಗಡಿಯವನು ಹುಟ್ಟಿನಿಂದ ಬಲ್ಲ ಮುದುಕಿ ಎದುರಿಗೇ ನಿಂತಿದ್ದರೂ, ಸವೆದ ಹೆಬ್ಬೆಟ್ಟನ್ನು ಯಂತ್ರ ಒಪ್ಪದಿದ್ದರೆ ಅವಳು ಅವಳಲ್ಲ. ಹಾಗಾಗಿ ಆ ಪದದ ಮೇಲೆ ನನಗೆ ಮೊದಲಿನಿಂದಲೂ ಅಷ್ಟು ಗೌರವವಿಲ್ಲ.

ಕ್ಲೈಂಟಿಗೂ ಸರ್ವರಿಗೂ ನಡುವೆ ಓಡಾಡುವ ಚೀಟಿಗೆ ಪ್ಯಾಕೆಟ್ ಎನ್ನುತ್ತಾರೆ. ಮಾಡ್ ಬರೆಯುವವನು ತನ್ನ ಚೀಟಿಯ ನಮೂನೆಯನ್ನು ತಾನೇ ಗೊತ್ತುಮಾಡಬೇಕು. ಮೊದಲು ಅಂಗಡಿಯ ಜಾಗ, ಆಮೇಲೆ ಸಾಮಾನಿನ ಹೆಸರು, ಆಮೇಲೆ ಎಷ್ಟು ಎಂಬುದು, ಹೀಗೆ. ಆ ಚೀಟಿಯಲ್ಲಿ ತಲೆಬರಹಗಳಿಲ್ಲ. ಬರೆದವನು ಯಾವ ಕ್ರಮದಲ್ಲಿ ಬರೆದನೋ ಓದುವವನು ಅದೇ ಕ್ರಮದಲ್ಲಿ ಓದಬೇಕು. ಒಂದು ಹಿಂದುಮುಂದಾದರೆ ಹೆಸರಿನ ಅಕ್ಷರಗಳು ಸಂಖ್ಯೆಯಾಗಿ ಒಂದು ಕುಂಬಳಕಾಯಿ ಲಕ್ಷಾಂತರವಾದೀತು. ಇನ್ನೊಂದು ವಿಷಯ ಕೇಳಿ ನಗು ಬಂತು. ಇಂಥ ಚೀಟಿಯಲ್ಲಿ ಕ್ಲೈಂಟ್ ಸರ್ವರಿಗೆ ಒಮ್ಮೆಗೆ ಹೇಳಬಹುದಾದದ್ದು ಹೆಚ್ಚೆಂದರೆ 32,767 ಬೈಟು. ಸರ್ವರ್ ಕ್ಲೈಂಟಿಗೆ ಹೇಳಬಹುದಾದದ್ದು ಹತ್ತು ಲಕ್ಷಕ್ಕೂ ಮಿಕ್ಕಿ. ತರಗತಿಯಲ್ಲಿ ಮಕ್ಕಳ ಮಾತಿಗೂ ಮೇಷ್ಟರ ಮಾತಿಗೂ ಇರುವ ಪ್ರಮಾಣ ಇದಕ್ಕಿಂತ ಬೇರೆಯೇನಲ್ಲ.

ಸಂತೆ ಶುರುವಾಯಿತು. ಒಂದು ವಾರ ಚೆನ್ನಾಗಿಯೇ ನಡೆಯಿತು. ಎಂಟನೆಯ ದಿನ ಹುಡುಗ ಮುಖ ಊದಿಸಿಕೊಂಡು ಕೂತಿದ್ದ. ಗೆಳೆಯರಲ್ಲೊಬ್ಬ ಒಂದೇ ರಾತ್ರಿಯಲ್ಲಿ ಲಕ್ಷಾಧೀಶನಾಗಿದ್ದನಂತೆ. ನಡೆದದ್ದು ಇಷ್ಟು: ಇವನು ಬರೆದ ಮಾಡ್‌ನಲ್ಲಿ ಲೆಕ್ಕ ಮಾಡುತ್ತಿದ್ದುದು ಕ್ಲೈಂಟ್. "ಹತ್ತು ಗೋಧಿ ಕಟ್ಟು ಮಾರಿದ್ದೇನೆ, ನನ್ನ ಖಾತೆಗೆ ನೂರು ನಾಣ್ಯ ಸೇರಿಸು" ಎಂದು ಅದು ಚೀಟಿ ಕಳಿಸುತ್ತಿತ್ತು, ಸರ್ವರ್ ಸೇರಿಸುತ್ತಿತ್ತು. ಗೆಳೆಯ ತನ್ನ ಯಂತ್ರದಲ್ಲಿದ್ದ ಪ್ರತಿಯನ್ನು ಬಿಚ್ಚಿ ಒಂದು ಸಂಖ್ಯೆ ಬದಲಿಸಿ ಚೀಟಿ ಕಳಿಸಿದ. ಸರ್ವರ್ ಅದನ್ನೂ ಸೇರಿಸಿತು.

"ಇರೋದೇ ಐದು ಜನ, ದೊಡ್ಡಮ್ಮ. ಒಟ್ಟಿಗೆ ಹಾಸ್ಟೆಲಲ್ಲಿ ಇದ್ದವರು" ಎಂದ. ಲಕ್ಷ ನಾಣ್ಯದ ಬೆಲೆ ನಿಜಲೋಕದಲ್ಲಿ ಒಂದು ಕಡಲೆಬೀಜದಷ್ಟೂ ಇಲ್ಲ. ಆದರೆ ಹುಡುಗನ ದನಿಯಲ್ಲಿದ್ದುದು ನಾಣ್ಯದ ನೋವಲ್ಲ ಎಂಬುದು ನನಗೆ ಗೊತ್ತಾಯಿತು.

ಅವನು ಸಂತೆಯನ್ನು ಮತ್ತೆ ಬರೆಯಲು ಕೂತ. ಈ ವಿದ್ಯೆಯವರ ಮೊದಲ ಪಾಠವೇ "ಕ್ಲೈಂಟನ್ನು ಎಂದೂ ನಂಬಬೇಡ" ಎಂಬುದಂತೆ. ಅದು ಗೊತ್ತಿದ್ದೂ, ಗೆಳೆಯರಲ್ಲವೇ ಎಂದು ಬಿಟ್ಟಿದ್ದನಂತೆ. ನನಗೆ ಆ ಪಾಠ ಕಹಿಯೆನಿಸಿತು. ಮೂವತ್ತು ವರ್ಷ ಮಕ್ಕಳ ನಡುವೆ ಇದ್ದವಳು. ಮೊದಲೇ ಕಳ್ಳನೆಂದು ಎಣಿಸಿ ಕಟ್ಟಿದ ಲೋಕದಲ್ಲಿ ಯಾರು ತಾನೇ ಒಳ್ಳೆಯವರಾಗಿ ಬೆಳೆದಾರು ಎಂದೆ. ನಂಬದಿರುವುದು ಒಂದು ಅವಮಾನವಲ್ಲವೇ ಎಂದೂ ಕೇಳಿದೆ. ಹುಡುಗ ತಲೆ ಎತ್ತದೆ, "ನೀನು ಉತ್ತರಪತ್ರಿಕೆಯಲ್ಲಿ ಮಾರ್ಕ್ಸ್ ಹಾಕೋ ಜಾಗ ಮಕ್ಕಳಿಗೇ ಬಿಡ್ತೀಯ?" ಅಂದ.

ಬಿಡುವುದಿಲ್ಲ. ಅದರಿಂದ ಯಾವ ಮಗುವಿಗೂ ಅವಮಾನವಾದದ್ದನ್ನು ನಾನು ಕಂಡಿಲ್ಲ. ಮಗು ಉತ್ತರ ಬರೆಯುತ್ತದೆ, ಅಂಕ ನಾನು ಹಾಕುತ್ತೇನೆ. ಅವನು ಹೊಸದಾಗಿ ಬರೆದ ಚೀಟಿಯೂ ಹಾಗೆಯೇ ಇತ್ತು. "ನೂರು ನಾಣ್ಯ ಸೇರಿಸು" ಎನ್ನುವ ಮಾತೇ ಅದರಲ್ಲಿಲ್ಲ. "ಗೋಧಿ ಮಾರಬೇಕೆಂದಿದ್ದೇನೆ" ಎಂಬಷ್ಟೇ. ಉಳಿದದ್ದನ್ನು ಸರ್ವರ್ ತನ್ನ ಹತ್ತಿರವೇ ಇರುವ ಪುಸ್ತಕದಲ್ಲಿ ನೋಡಿಕೊಳ್ಳುತ್ತದೆ. ಇವನ ಚೀಲದಲ್ಲಿ ಗೋಧಿ ಇದೆಯೇ? ಇವನು ಅಂಗಡಿಯ ಹತ್ತಿರ ನಿಂತಿದ್ದಾನೆಯೇ, ಇಲ್ಲ ಹತ್ತು ಹರದಾರಿ ದೂರದಿಂದ ಕೂಗುತ್ತಿದ್ದಾನೆಯೇ? ಇಂದಿನ ಧಾರಣೆ ಎಷ್ಟು? ಇಲ್ಲಿ ಕ್ಲೈಂಟ್ ಸುಳ್ಳು ಹೇಳಲು ಜಾಗವೇ ಇಲ್ಲ, ಏಕೆಂದರೆ ಅದನ್ನು ಏನೂ ಕೇಳಿಲ್ಲ. ಬಯಕೆಯನ್ನು ಹೇಳುವವನು ಸುಳ್ಳುಗಾರನಾಗಲಾರ. ಫಲವನ್ನು ತಾನೇ ಘೋಷಿಸಲು ಹೊರಟವನು ಮಾತ್ರ ಆದಾನು. ಈ ಭೇದ ನನಗೆ ತುಂಬ ಹಿಡಿಸಿತು. ಹುಡುಗನನ್ನು ಮೆಚ್ಚಿ ಇನ್ನೆರಡು ತೊಳೆ ಹೆಚ್ಚು ಕೊಟ್ಟೆ.

ಮೆಚ್ಚಿದ್ದು ಸ್ವಲ್ಪ ಅವಸರವಾಯಿತು. ಎರಡೇ ದಿನದಲ್ಲಿ ಅದೇ ಗೆಳೆಯ ಸಂತೆಗೆ ಬಂದು "ಮೈನಸ್ ಐದು ಕುಂಬಳಕಾಯಿ ಕೊಡಿ" ಎಂದು ಚೀಟಿ ಕಳಿಸಿದ. ಸರ್ವರ್ ಪ್ರಾಮಾಣಿಕವಾಗಿ ಧಾರಣೆ ನೋಡಿ, ಮೈನಸ್ ಐದರಿಂದ ಗುಣಿಸಿ, ಬಂದ ಮೊತ್ತವನ್ನು ಅವನ ಖಾತೆಯಿಂದ ಕಳೆಯಿತು. ಕಳೆಯುವುದರಿಂದ ಕಳೆದರೆ ಕೂಡುವುದು! ಏಳನೆಯ ತರಗತಿಯ ಗಣಿತ. ಅವನಿಗೆ ಕುಂಬಳಕಾಯಿ ಬರಲಿಲ್ಲ, ನಾಣ್ಯ ಬಂತು. ಈ ಸಲ ನಮ್ಮ ಹುಡುಗನೂ ನಕ್ಕ. ಬಯಕೆಯನ್ನೂ ಒಂದು ಮಾತು ತಾಳೆ ನೋಡಬೇಕು ಎಂದಾಯಿತು: ಇದು ಮನುಷ್ಯ ಬಯಸಬಹುದಾದ ಬಯಕೆಯೇ ಎಂದು.

ಇಷ್ಟಾದರೂ ನನ್ನ ಮನಸ್ಸಿನ ಮುಳ್ಳು ಪೂರ್ತಿ ಹೋಗಲಿಲ್ಲ. ಏಕೆಂದರೆ ನಾನೂ ಒಂದು ಕ್ಲೈಂಟೇ. ನಮಗೂ ಮೇಲೊಂದು ಸರ್ವರ್ ಇದೆ. ಬೆಳಿಗ್ಗೆ ಹಾಜರಾತಿ ಕಳಿಸಬೇಕು, ಮಧ್ಯಾಹ್ನ ಎಷ್ಟು ಮಕ್ಕಳು ಉಂಡರೆಂದು ಕಳಿಸಬೇಕು. ಸಂಖ್ಯೆ ಸಾಲದೆಂದು ಒಮ್ಮೆ ಮೇಲಿನಿಂದ ಮಾತು ಬಂತು, ಫೋಟೋ ಕಳಿಸಿ ಎಂದು. ಮಕ್ಕಳ ಪಂಕ್ತಿಯ ಫೋಟೋ, ಸಾರಿನ ಪಾತ್ರೆಯ ಫೋಟೋ. ಅನ್ನ ಆರುತ್ತಿದ್ದರೂ ಮೊದಲು ಫೋಟೋ. ಆಗ ನನಗೆ ಆದದ್ದು ನಿಜವಾಗಿ ಅವಮಾನವೇ. ಉತ್ತರಪತ್ರಿಕೆಯ ಮಗುವಿಗೆ ಆಗದ ಅವಮಾನ ನನಗೇಕೆ ಆಯಿತು ಎಂದು ಆ ರಾತ್ರಿ ಬಹಳ ಹೊತ್ತು ಯೋಚಿಸಿದೆ.

ಹುಡುಗನ ಸಂತೆಯನ್ನು ನೋಡಿದ ಮೇಲೆ ಕಾರಣ ಹೊಳೆಯಿತು. ಸರ್ವರ್ ಆಟಗಾರನ ಚೀಲವನ್ನು ತಾನೇ ಇಟ್ಟುಕೊಂಡಿದೆ. ಅದಕ್ಕೆ ಸಾಕ್ಷಿ ಬೇಕಿಲ್ಲ. ಮೇಲೆ ಕೂತವರ ಹತ್ತಿರ ನಮ್ಮ ಪಂಕ್ತಿಯ ಪುಸ್ತಕವಿಲ್ಲ. ಬಂದು ನೋಡುವ ವ್ಯವಧಾನವೂ ಇಲ್ಲ. ಆದ್ದರಿಂದ ನಂಬದವನ ಮಾತಿಗೆ ಆ ನಂಬದವನಿಂದಲೇ ಸಾಕ್ಷಿ ಕೇಳುತ್ತಾರೆ. ಆದರೆ ಫೋಟೋ ಕೂಡ ಕ್ಲೈಂಟಿನಿಂದಲೇ ಹೊರಟ ಚೀಟಿಯಲ್ಲವೇ? ಸುಳ್ಳು ಸಂಖ್ಯೆ ಕಳಿಸುವವನು ಸುಳ್ಳು ಫೋಟೋ ಕಳಿಸಲಾರನೇ? ಒಂದು ಮಳೆಗಾಲದ ದಿನ ನನ್ನ ಮೊಬೈಲ್ ಕೆಟ್ಟಿತ್ತು. ಸಹೋದ್ಯೋಗಿಯ ಮೊಬೈಲಿನಲ್ಲಿದ್ದ ಹಿಂದಿನ ದಿನದ ಸಾರಿನ ಫೋಟೋವನ್ನೇ ಕಳಿಸಿದೆ. ಮಕ್ಕಳು ಅಂದೂ ಉಂಡಿದ್ದರು, ಸಂಖ್ಯೆಯೂ ಸರಿಯಿತ್ತು. ನಿಜವನ್ನು ಸಾಧಿಸಲು ಸುಳ್ಳು ಸಾಕ್ಷಿ ಕೊಟ್ಟ ಹಾಗಾಯಿತು. ಮೂವತ್ತು ವರ್ಷದಲ್ಲಿ ಕಚೇರಿಗೆ ನಾನು ಹೇಳಿದ ಸುಳ್ಳುಗಳಲ್ಲಿ ಅದು ದೊಡ್ಡದಲ್ಲ. ಆದರೆ ಹೇಳುವಾಗ ಕೈ ನಡುಗದೇ ಇದ್ದದ್ದು ಅದೊಂದೇ. ಸಾಕ್ಷಿ ಕೇಳಿ ಕೇಳಿ ಮನುಷ್ಯನ ಕೈಯನ್ನು ಹಾಗೆ ಗಟ್ಟಿ ಮಾಡಬಹುದು.

ಈ ಆಟದಲ್ಲೇ ಇನ್ನೊಂದು ಸಂಗತಿಯಿದೆ, ನೆನೆದಾಗಲೆಲ್ಲ ಆಶ್ಚರ್ಯವಾಗುತ್ತದೆ. 2012ರಲ್ಲಿ ಬಂದ ಆವೃತ್ತಿಯಿಂದ ಮುಂದೆ, ಒಬ್ಬನೇ ಕೂತು ಆಡುವಾಗಲೂ ಯಂತ್ರದೊಳಗೆ ಒಂದು ಸರ್ವರ್ ಓಡುತ್ತಿರುತ್ತದಂತೆ. ಬೇರೆ ಯಾರೂ ಇಲ್ಲ; ಮೋಸ ಮಾಡಿದರೆ ತನಗೇ. ಆದರೂ ಒಳಗಿನ ಕ್ಲೈಂಟ್ ಒಳಗಿನ ಸರ್ವರಿಗೆ ಚೀಟಿ ಕಳಿಸುತ್ತದೆ, ಅದು ತಾಳೆ ನೋಡಿ ಉತ್ತರ ಕೊಡುತ್ತದೆ. ಮಾಡ್ ಬರೆಯುವವರ ಕೆಲಸ ಎರಡು ಪಟ್ಟಾಗಬಾರದೆಂದು ಹೀಗೆ ಮಾಡಿದ್ದೂ ಒಂದು ಕಾರಣ ಎಂದು ಹುಡುಗ ಹೇಳಿದ. ಇರಬಹುದು. ನಮ್ಮ ಅಜ್ಜಿ ಅಡುಗೆಮನೆಯಲ್ಲಿ ಒಬ್ಬಳೇ ಇದ್ದಾಗಲೂ ದೇವರಿಗೆ ತೋರಿಸದೆ ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಳ್ಳುತ್ತಿರಲಿಲ್ಲ.

ತಾಳೆ ನೋಡುವುದು ಎಂದರೆ ಬಂದ ಮಾತನ್ನು ಕೇವಲ ಮಾತೆಂದು ಇಟ್ಟುಕೊಳ್ಳುವುದು ಕೂಡ. 2021ರ ಡಿಸೆಂಬರಿನಲ್ಲಿ ಜಗತ್ತಿನ ಕಂಪ್ಯೂಟರ್ ಮಂದಿಯೆಲ್ಲ ನಿದ್ದೆಗೆಟ್ಟಿದ್ದರಂತೆ. ಲಾಗ್‌ಫೋರ್‌ಜೆ ಎಂಬ ದಿನಚರಿ ಬರೆಯುವ ಉಪಕರಣ ಸಾವಿರಾರು ಕಡೆ ಬಳಕೆಯಲ್ಲಿತ್ತು, ಈ ಆಟದಲ್ಲೂ ಇತ್ತು. ಆಟಗಾರರು ಪರಸ್ಪರ ಹರಟುವ ಜಾಗದಲ್ಲಿ ಒಂದು ವಿಶೇಷ ಸಾಲನ್ನು ಟೈಪು ಮಾಡಿದರೆ, ಅದು ದಿನಚರಿಗೆ ಇಳಿಯುವಾಗ ಉಪಕರಣ ಅದನ್ನು ಬರೆದಿಡುವ ಬದಲು ಅಪ್ಪಣೆಯೆಂದು ತಿಳಿದು, ಅದು ಹೇಳಿದ ದೂರದ ಯಂತ್ರದಿಂದ ಏನನ್ನೋ ತಂದು ತನ್ನೊಳಗೇ ನಡೆಸಿಬಿಡುತ್ತಿತ್ತು. ಒಂದು ಹರಟೆಯ ಸಾಲಿಗೆ ಸರ್ವರ್ ಪೂರ್ತಿ ಪರರ ಕೈಗೆ. ಆಟ ನಡೆಸುವವರು ತರಾತುರಿಯಲ್ಲಿ ಸರಿಪಡಿಸಿದ ಆವೃತ್ತಿ ಬಿಟ್ಟರು. ಜಾಣ ಮಕ್ಕಳ ಹೊಗಳಿಕೆಯನ್ನು ಅಪ್ಪಣೆಯಂತೆ ನಡೆಸಿಕೊಟ್ಟು ಆಮೇಲೆ ಪೇಚಿಗೆ ಬಿದ್ದ ಉಪಾಧ್ಯಾಯರನ್ನು ನಾನು ಬಲ್ಲೆ, ಆದ್ದರಿಂದ ಆ ಉಪಕರಣವನ್ನು ಬೈಯಲಾರೆ.

ಆದರೆ ನನ್ನನ್ನು ಬಹುಕಾಲ ಕಾಡಿದ್ದು ಬೇರೆಯದೇ ಒಂದು ಕತೆ. ಟೂಬಿಟೂಟಿ ಎಂಬ ಹಳೆಯ ಸರ್ವರ್ ಒಂದಿದೆ, 2010ರಿಂದ ನಡೆಯುತ್ತಿರುವುದು. ಅದರ ಲೋಕ ಎಷ್ಟು ವಿಶಾಲವೆಂದರೆ, ದೂರ ಹೋಗಿ ಮನೆ ಕಟ್ಟಿಕೊಂಡರೆ ಯಾರಿಗೂ ಸಿಕ್ಕುವುದಿಲ್ಲ. ಗುಟ್ಟೇ ಅಲ್ಲಿನ ಕೋಟೆ. 2018ರಿಂದ 2021ರವರೆಗೆ ಕೆಲವರು ಆ ಸರ್ವರಿಗೆ ಒಂದು ವಿಚಿತ್ರ ಚೀಟಿ ಕಳಿಸುತ್ತ ಬಂದರು: "ಅಲ್ಲೆಲ್ಲೋ ದೂರದಲ್ಲಿರುವ ಆ ಕಲ್ಲನ್ನು ಅಗೆಯುತ್ತಿದ್ದೇನೆ." ಸರ್ವರ್ ಮೋಸಹೋಗಲಿಲ್ಲ. ಅಷ್ಟು ದೂರದ ಕಲ್ಲನ್ನು ಅಗೆಯಲು ಬಿಡಲೂ ಇಲ್ಲ. ಆದರೆ ನಿರಾಕರಿಸುವಾಗ, ಆ ಜಾಗ ಆ ಹೊತ್ತಿಗೆ ತನ್ನ ನೆನಪಿನಲ್ಲಿ ಜೀವಂತವಾಗಿದ್ದರೆ "ಅಲ್ಲಿ ಇಂಥ ಕಲ್ಲಿದೆ" ಎಂದು ಉತ್ತರ ಕೊಡುತ್ತಿತ್ತು, ಇಲ್ಲವಾದರೆ ಸುಮ್ಮನಿರುತ್ತಿತ್ತು. ಜಾಗ ಜೀವಂತವಾಗಿರುವುದು ಹತ್ತಿರದಲ್ಲಿ ಯಾರೋ ಇದ್ದಾಗ. ಆ ಒಂದು ಸಣ್ಣ ಉತ್ತರದಿಂದ ಅವರು ಅಡಗಿ ಬಾಳುತ್ತಿದ್ದವರ ಮನೆಗಳನ್ನು ಒಂದೊಂದಾಗಿ ಪತ್ತೆಮಾಡಿದರು. ತಾಳೆ ನೋಡಿದ್ದು ಸರಿಯೇ. ತಾಳೆ ನೋಡಿದ್ದನ್ನು ಬಹಿರಂಗವಾಗಿ ನೋಡಿದ್ದರಿಂದ ಅನಾಹುತವಾಯಿತು.

ಇದನ್ನು ಕೇಳಿದಾಗ ನನಗೆ ಒಂದು ಬೆಂಚು ನೆನಪಾಯಿತು. ಬಲಗಡೆಯ ಸಾಲು, ಕಿಟಕಿಯ ಪಕ್ಕದ ಮೂರನೆಯ ಬೆಂಚು.

ಇಪ್ಪತ್ತು ವರ್ಷದ ಹಿಂದಿನ ಮಾತು. ಎಂಟನೆಯ ತರಗತಿಗೆ ಕಿರುಪರೀಕ್ಷೆ ಕೊಟ್ಟಿದ್ದೆ. ಹಿಂದಿನ ವಾರದ ಪರೀಕ್ಷೆಯಲ್ಲಿ ಮೂವರು ಹುಡುಗರು ಹೊಟ್ಟೆನೋವೆಂದು ಹೊರಗೆ ಹೋಗಿ ಪುಸ್ತಕ ತಿರುವಿಹಾಕಿಕೊಂಡು ಬಂದಿದ್ದರು. ಆ ಸಿಟ್ಟು ಇನ್ನೂ ಇತ್ತು. ಒಬ್ಬ ಹುಡುಗಿ ಎದ್ದು ನಿಂತು, "ಮಿಸ್, ಹೊಟ್ಟೆನೋವು, ಹೊರಗೆ ಹೋಗ್ಲಾ?" ಎಂದಳು. ಎಂದೂ ಹಾಗೆ ಕೇಳಿದವಳಲ್ಲ. ನಾನು ಎಲ್ಲರಿಗೂ ಕೇಳುವ ಹಾಗೆ, "ಪರೀಕ್ಷೆ ಅಂದ ಕೂಡಲೇ ಬರುತ್ತಲ್ಲ ಇದು, ಏನು ತಿಂದಿದ್ದೆ ಬೆಳಿಗ್ಗೆ? ಎಲ್ಲಿ ನೋವು?" ಎಂದೆ. ತರಗತಿ ನಕ್ಕಿತು. ಗಂಡುಮಕ್ಕಳೂ ನಕ್ಕರು. ಅವಳು ಏನೂ ಹೇಳದೆ ಕೂತಳು. ಗಂಟೆ ಹೊಡೆಯಿತು, ಎಲ್ಲರೂ ಊಟಕ್ಕೆ ಓಡಿದರು. ಅವಳು ಏಳಲಿಲ್ಲ. ಪತ್ರಿಕೆ ಕೊಡು ಎಂದು ಹತ್ತಿರ ಹೋದೆ. ಪತ್ರಿಕೆ ಪೂರ್ತಿ ಖಾಲಿಯಿತ್ತು. ಅವಳು ಲಂಗವನ್ನು ಎರಡೂ ಕೈಯಿಂದ ಹಿಡಿದು ಮುದುಡಿಕೊಂಡು ಕೂತಿದ್ದಳು. ಆಗ ಗೊತ್ತಾಯಿತು. ಅದು ಅವಳಿಗೆ ಮೊದಲ ಸಲ. ನಾನೂ ಹೆಣ್ಣು, ನನಗೆ ಮೊದಲೇ ಹೊಳೆಯಬೇಕಿತ್ತು.

ನನ್ನ ಸ್ವೆಟರನ್ನು ಅವಳ ಸೊಂಟಕ್ಕೆ ಕಟ್ಟಿ, ಆಯಾನನ್ನು ಜೊತೆಮಾಡಿ ಮನೆಗೆ ಕಳಿಸಿದೆ. ವಾರ ಕಳೆದು ಬಂದಳು. ಸ್ವೆಟರು ಒಗೆದು ಮಡಿಸಿ ಕಾಗದದಲ್ಲಿ ಸುತ್ತಿ ನನ್ನ ಮೇಜಿನ ಮೇಲೆ ಇಟ್ಟು ಹೋದಳು. ಕ್ಷಮಿಸು ಎನ್ನಬೇಕೆಂದು ಎಷ್ಟೋ ಸಲ ಬಾಯಿಗೆ ಬಂತು. ಉಪಾಧ್ಯಾಯರು ಮಕ್ಕಳ ಕ್ಷಮೆ ಕೇಳುವ ಪದ್ಧತಿ ಆಗ ಇರಲಿಲ್ಲ. ಇದ್ದಿದ್ದರೂ ನಾನು ಕೇಳುತ್ತಿದ್ದೆನೋ ಇಲ್ಲವೋ. ಆಮೇಲೆ ಅವಳು ಎರಡು ವರ್ಷ ನನ್ನ ತರಗತಿಯಲ್ಲಿದ್ದಳು. ಒಮ್ಮೆಯೂ ಹೊರಗೆ ಹೋಗಲು ನನ್ನನ್ನು ಕೇಳಲಿಲ್ಲ.

ಈ ಕತೆಯನ್ನು ಹುಡುಗನಿಗೆ ಹೇಳಲಿಲ್ಲ. ಬೇರೆ ರೀತಿಯಲ್ಲಿ ಕೇಳಿದೆ. "ನಿಮ್ಮ ಆಟದಲ್ಲಿ ನೋವು ಅಂತ ಇದೆಯೇನೋ?" ಇದೆಯಂತೆ. ಹತ್ತು ಪುಟ್ಟ ಹೃದಯಗಳು, ಒಂದೊಂದಕ್ಕೆ ಎರಡು ಅಂಶ, ಒಟ್ಟು ಇಪ್ಪತ್ತು. ಹಸಿವಿಗೂ ಹಾಗೆಯೇ ಇಪ್ಪತ್ತು. "ಅದನ್ನ ಯಾರು ಹೇಳಬೇಕು?" ಯಾರೂ ಹೇಳಬೇಕಿಲ್ಲ, ಅದೆಲ್ಲ ಸರ್ವರಿನ ಹತ್ತಿರವೇ ಇರುತ್ತದೆ, ಕ್ಲೈಂಟಿಗೆ ಅದೇ ತಿಳಿಸುತ್ತದೆ ಎಂದ. ನಾನು ಸುಮ್ಮನಾದೆ. ಅಲ್ಲಿ ಆಟಗಾರನ ನೋವು ಅವನಿಗಿಂತ ಮೊದಲು ಸರ್ವರಿಗೆ ಗೊತ್ತು. ಯಾರನ್ನೂ ನಂಬದೆ ಅದು ನ್ಯಾಯವಾಗಿ ಇರಬಲ್ಲದು, ಏಕೆಂದರೆ ಎಲ್ಲರ ನೋವನ್ನೂ ಅದೇ ಇಟ್ಟುಕೊಂಡಿದೆ. ನನ್ನ ತರಗತಿಯಲ್ಲಿ ಗೋಧಿಯ ಲೆಕ್ಕ, ಅಂಕದ ಲೆಕ್ಕ ನನ್ನ ಪುಸ್ತಕದಲ್ಲಿದೆ. ಅದನ್ನು ನಾನು ತಾಳೆ ನೋಡಬಹುದು, ನೋಡಲೂ ಬೇಕು. ನೋವಿನ ಪುಸ್ತಕ ಮಾತ್ರ ಆ ಮೂರನೆಯ ಬೆಂಚಿನಲ್ಲೇ ಇತ್ತು. ಅದಕ್ಕೆ ಬೇರೆ ಪ್ರತಿಯಿರಲಿಲ್ಲ.

"ಯಾಕೆ ಕೇಳಿದೆ?" ಎಂದ ಹುಡುಗ. ನಮ್ಮ ತರಗತಿಯ ಬಿಲ್ಲೆಯ ವಿಷಯ ಹೇಳಿದೆ. ಹಲವು ವರ್ಷಗಳಿಂದ ನನ್ನ ಮೇಜಿನ ಮೇಲೆ ಒಂದು ಮರದ ಬಿಲ್ಲೆ ಇಟ್ಟಿರುತ್ತೇನೆ. ಹೊರಗೆ ಹೋಗಬೇಕಾದವರು ಕೇಳುವ ಹಾಗಿಲ್ಲ. ಎದ್ದು ಬಂದು ಬಿಲ್ಲೆ ತೆಗೆದುಕೊಂಡು ಹೋಗಬೇಕು, ಬಂದು ಇಡಬೇಕು. ಏಕೆ ಎಂದು ನಾನು ಕೇಳುವುದಿಲ್ಲ. ಪರೀಕ್ಷೆಯ ದಿನವೂ ಕೇಳುವುದಿಲ್ಲ.

"ಎಕ್ಸ್‌ಪ್ಲಾಯಿಟ್ ಮಾಡ್ತಾರೆ ದೊಡ್ಡಮ್ಮ" ಎಂದ ಕೂಡಲೇ. ಅವನ ಭಾಷೆಯಲ್ಲಿ ಕಂಡಿ ಕೊರೆಯುತ್ತಾರೆ ಎಂದು ಅರ್ಥ.

"ಮಾಡ್ತಾರೆ" ಎಂದೆ.

"ಒಂದು ಮಿತಿ ಇಡು. ಗಂಟೆಗೆ ಇಷ್ಟು ಸಲ ಅಂತ. ನಾವು ಹಾಗೇ ಮಾಡೋದು. ಒಬ್ಬ ಒಂದೇ ಸಮ ಚೀಟಿ ಕಳಿಸ್ತಿದ್ರೆ ಸ್ವಲ್ಪ ಹೊತ್ತು ತಡೀತೀವಿ."

"ಬಿಲ್ಲೆ ಒಂದೇ ಇರೋದು ಕಣೋ. ಒಬ್ಬರು ಬಂದ ಮೇಲೇ ಇನ್ನೊಬ್ಬರು."

ಹುಡುಗ ಒಂದು ಕ್ಷಣ ಯೋಚಿಸಿ, ಪರವಾಗಿಲ್ಲ ಎನ್ನುವಂತೆ ತಲೆಯಾಡಿಸಿದ. ಜೂನ್ ತಿಂಗಳಲ್ಲಿ ಶಾಲೆ ತೆರೆಯಿತು. ನಮ್ಮ ಶಾಲೆಯ ಹಿಂದೆ ಒಂದು ಸೀಬೆಮರವಿದೆ. ಮಳೆ ಬಿದ್ದು ಕಾಯಿ ಬಲಿಯುವ ಹೊತ್ತಿಗೆ, ಮಧ್ಯಾಹ್ನದ ಪೀರಿಯಡ್ಡಿನಲ್ಲಿ ಬಿಲ್ಲೆ ಹಿಡಿದು ಹೋಗುವವರ ಸಂಖ್ಯೆ ಏರುತ್ತದೆ. ಈ ವರ್ಷವೂ ಏರಿದೆ. ಸಂಜೆ ಹಾಜರಿ ಪುಸ್ತಕದ ಜೊತೆ ಬಿಲ್ಲೆಯನ್ನು ಮೇಜಿನ ಡ್ರಾಯರಿನಲ್ಲಿಡುವಾಗ ಅದಕ್ಕೆ ಸೀಬೆಹಣ್ಣಿನ ವಾಸನೆ ಹತ್ತಿರುತ್ತದೆ.